ಜ್ವರದ ಹಾಳೆ

ಅನಗೋಡು ದಾಟುವವರೆಗೆ ಮುಳ್ಳು ತಣ್ಣಗೆ ಮಲಗಿರುತ್ತದೆ.
ಆಮೇಲೆ ಏಳುತ್ತದೆ,
ರಾತ್ರಿ ಪಾಳಿಯಲ್ಲಿ ಸದ್ದಿಲ್ಲದೆ ಹೊರಳುವ ರೋಗಿಯ ಹಾಗೆ.
ಭರಮಸಾಗರದ ಕೆರೆ ಕಾಣುವ ಹೊತ್ತಿಗೆ ಕೆಂಪು.
ಬಾನೆಟ್ಟಿನ ಸಂದಿಯಿಂದ ಬಿಳಿ ಉಸಿರು.

ಎಪ್ಪತ್ತೊಂದರ ಫಿಯಟ್ಟು. ನನಗಿಂತ ಎರಡು ವರ್ಷ ದೊಡ್ಡದು.
ದೊಡ್ಡಾಸ್ಪತ್ರೆಯ ಮೂಳೆ ಡಾಕ್ಟರು
ರಿಟೈರಾಗುವಾಗ ನನಗೆ ಮಾರಿ, ಕೀಲಿ ಕೊಟ್ಟು ಹೇಳಿದ್ದರು:
"ಸಿಸ್ಟರ್, ಸ್ವಲ್ಪ ಬಿಸಿ ಸ್ವಭಾವ. ನೀವು ಸಂಭಾಳಿಸ್ತೀರಿ."

ಸಂಭಾಳಿಸಿದೆ, ನನಗೆ ಗೊತ್ತಿರುವ ರೀತಿಯಲ್ಲಿ.
ಹಳೇ ಚಾರ್ಟಿನ ಬೆನ್ನಿಗೆ ಗೆರೆ ಎಳೆದೆ:
ಎಷ್ಟು ಗಂಟೆ, ಮುಳ್ಳು ಎಲ್ಲಿ,
ಗಾಳಿ ಎದುರಿಗೋ ಬೆನ್ನಿಗೋ, ಎಷ್ಟು ಚೊಂಬು ನೀರು ಕುಡಿಯಿತು.
ಒದ್ದೆ ಟವೆಲ್ಲು ಸುತ್ತಿ ಮುಚ್ಚಳ ತಿರುವುವ ಮುನ್ನ
ಇಪ್ಪತ್ತು ನಿಮಿಷ ಕಾಯಬೇಕು.
ಕಾಯುವುದು ನನಗೆ ಹೊಸದಲ್ಲ.
ಲಾರಿಯವರು ನಿಲ್ಲಿಸಿ ಕೇಳುತ್ತಾರೆ, "ಯಜಮಾನ್ರು ಎಲ್ಲಕ್ಕಾ?"
"ಗಾಡಿ ನಂದೇ" ಅನ್ನುತ್ತೇನೆ. ಅವರು ಬಾನೆಟ್ಟಿನೊಳಗೆ ಹಣಕಿ
ಯಜಮಾನರನ್ನು ಅಲ್ಲೇ ಹುಡುಕುತ್ತಾರೆ.

ದಾದಾಪೀರರ ಶೆಡ್ಡು ಮಂಡಕ್ಕಿ ಭಟ್ಟಿಯ ಬೆನ್ನಿಗೆ.
ಆ ಕಡೆ ಬಾಣಲೆಯಲ್ಲಿ ಮರಳು ಕಾಯುತ್ತಿರುತ್ತದೆ,
ಹೊಗೆಗೆ ಗೋಡೆಯೆಲ್ಲ ಕಪ್ಪು.
ಈ ಕಡೆ ಇವರು ನನ್ನ ಚಾರ್ಟನ್ನು ದೂರ ಹಿಡಿದು ಓದಿ
"ಇಷ್ಟು ಬರೆಸ್ಕೊಂಡ ಪೇಶಂಟು ಬದುಕಲೇಬೇಕು ಬಿಡ್ರಿ" ಅಂದರು.

ಮೊದಲು ರೇಡಿಯೇಟರು. ಬೋರ್ ನೀರಿನ ಸುಣ್ಣ
ಹಂಡೆಯ ತಳದಂತೆ ಬೆಳ್ಳಗೆ ಕಟ್ಟಿತ್ತು. ತೊಳೆದರು. ಕುದಿಯಿತು.
ಬೆಲ್ಟು ಬಿಗಿದರು. ಕುದಿಯಿತು.
ಥರ್ಮೋಸ್ಟಾಟು ಬಿಚ್ಚಿ, ದಾರಕ್ಕೆ ಕಟ್ಟಿ,
ಹಾಲಸ್ವಾಮಿಯ ಚಾ ಅಂಗಡಿಯ ಬಿಸಿನೀರಿಗೆ ಇಳಿಬಿಟ್ಟರು.
"ಏ ಪೀರಣ್ಣ, ಗ್ಲಾಸು ತೊಳೆಯೋ ನೀರದು!"
ಸರಿಯಾದ ಬಿಸಿಗೆ ಬಾಯಿ ತೆರೆಯಿತು ಅದು,
ಆ ಅನ್ನು ಅಂದರೆ ಅನ್ನುವ ಮಗುವಿನ ಹಾಗೆ.
ಅದರ ತಪ್ಪಲ್ಲ.

ಹೆಡ್ಡು ಎತ್ತಲೇಬೇಕಾಯಿತು.
ಮಧ್ಯಾಹ್ನದ ಬಾಂಗಿನ ಹೊತ್ತಿಗೆ ಬೋಲ್ಟುಗಳು ಸಡಿಲಿದವು.
ಹುಡುಗ ಮುಬಾರಕ್ ಗ್ಯಾಸ್ಕೆಟ್ಟು ಕಿತ್ತು ಬೆಳಕಿಗೆ ಹಿಡಿದ:
"ಉಸ್ತಾದ್, ಉಲ್ಟಾ!"
ಟಾಪ್ ಎಂದು ಒತ್ತಿದ್ದ ಅಕ್ಷರ ಅಡಿಮುಖವಾಗಿತ್ತು.
ಹಿಂದಿನ ಎರಡು ನೀರಿನ ಕಂಡಿಗಳ ಮೇಲೆ
ತಾಮ್ರದ ಹಾಳೆ, ಬಾಯಿಗೆ ಅಂಗೈ ಒತ್ತಿದಂತೆ.
"ಯಾವನೋ ಬೇಕೂಫ" ಎಂದು ನಕ್ಕ ಹುಡುಗ.

ದಾದಾಪೀರ್ ನಗಲಿಲ್ಲ.
ಬೋಲ್ಟಿನ ತಲೆಗಳನ್ನು ಒಂದೊಂದಾಗಿ ಚಿಂದಿಬಟ್ಟೆಯಲ್ಲಿ ಒರೆಸಿದರು.
ಪ್ರತಿಯೊಂದರ ಮೇಲೂ ನೀಲಿ ಬಣ್ಣದ ಚುಕ್ಕೆ,
ಬಿಗಿದಾದ ಮೇಲೆ ಈ ಊರಲ್ಲಿ ಒಬ್ಬರೇ ಇಡುವ ಚುಕ್ಕೆ.
"ಡಾಕ್ಟರು ಅವಸರ ಮಾಡಿದ್ರು" ಅಂದರು ಮೊದಲು.
ಸ್ವಲ್ಪ ಹೊತ್ತು ಬಿಟ್ಟು,
"ಇಲ್ಲ. ಅವರೇನೂ ಅವಸರ ಮಾಡಿರ್ಲಿಲ್ಲ."
ಗೋಡೆಯಾಚೆ ಮರಳಿಗೆ ಅಕ್ಕಿ ಬಿದ್ದು ಚಟಪಟ ಅರಳುತ್ತಿತ್ತು.

ನನಗೆ ಹೇಳಬೇಕೆನಿಸಿತು, ಹೇಳಲಿಲ್ಲ:
ಏಳನೇ ಮಂಚದ ಜ್ವರವನ್ನು ನಾನೊಮ್ಮೆ
ಎಂಟನೆಯದರ ಹಾಳೆಯಲ್ಲಿ ಬರೆದಿದ್ದೆ.
ಬೆಳಗಿನ ಜಾವ, ಡಬಲ್ ಡ್ಯೂಟಿ. ಯಾರಿಗೂ ಏನೂ ಆಗಲಿಲ್ಲ.
ಏನೂ ಆಗಲಿಲ್ಲ ಎಂದು
ಹತ್ತೊಂಬತ್ತು ವರ್ಷದಿಂದ ಹೇಳಿಕೊಳ್ಳುತ್ತಿದ್ದೇನೆ.

ಹೊಸ ಗ್ಯಾಸ್ಕೆಟ್ಟು ಕೂರಿಸುವ ಮುನ್ನ
ಆ ಅಕ್ಷರವನ್ನು ಹುಡುಗನಿಗೆ ತೋರಿಸಿದರು, ನನಗೆ ತೋರಿಸಿದರು,
ಚಾ ತಂದ ಹಾಲಸ್ವಾಮಿಗೂ ತೋರಿಸಿದರು.
ಮಜೂರಿ ತೆಗೆದುಕೊಳ್ಳಲಿಲ್ಲ. ನಾನು ಒತ್ತಾಯಿಸಲಿಲ್ಲ.
ಒತ್ತಾಯಿಸಿದ್ದರೆ ಅದು ಬೇರೆಯೇ ಲೆಕ್ಕವಾಗುತ್ತಿತ್ತು.

ಈಗ ಮುಳ್ಳು ನಡುವೆ ನಿಲ್ಲುತ್ತದೆ,
ದುರ್ಗದ ಗುಡ್ಡದ ಗಾಳಿ ಫ್ಯಾನುಗಳು ಕಾಣುವವರೆಗೂ.
ಆದರೂ ಭರಮಸಾಗರದ ಹತ್ತಿರ ಕಾಲು ತಾನೇ ಎದ್ದುಬಿಡುತ್ತದೆ.
ಪಕ್ಕಕ್ಕೆ ಹಾಕಿ ಇಳಿಯುತ್ತೇನೆ,
ಬಾನೆಟ್ಟಿಗೆ ಹಿಂಗೈ ಇಟ್ಟು ನೋಡುತ್ತೇನೆ.
ಹಿಂದಿನ ಸೀಟಿನಲ್ಲಿ ಎರಡು ಕ್ಯಾನು ನೀರು ಇನ್ನೂ ಇದೆ.
ಬೋರಿನದಲ್ಲ,
ಐದು ರೂಪಾಯಿ ನಾಣ್ಯ ಹಾಕಿ ಹಿಡಿದದ್ದು.